ಮೂರು ಖಾಲಿ ನಾಳೆಗಳು

ಇದು ಹಿಂದೆ ನಡೆದ ಕಥೆಯಲ್ಲ, ಇನ್ನೂ ನಡೆಯಬೇಕಾದ ಕಥೆ. ನಡೆದುಹೋದದ್ದಕ್ಕೆ ಜನ ಸಾಕ್ಷಿ ಕೇಳುತ್ತಾರೆ. ನಡೆಯದೇ ಇದ್ದದ್ದಕ್ಕೆ ಯಾರೂ ಕೇಳುವುದಿಲ್ಲ. ಆದ್ದರಿಂದ ಕಾಲು ಚಾಚಿ ಕೂತು ಕೇಳಬಹುದು.

ಕಡಲು ಏರಿ ಏರಿ ಮಲ್ಪೆಯ ಮರಳನ್ನೂ ಉಚ್ಚಿಲದ ತೆಂಗಿನ ಬುಡಗಳನ್ನೂ ತನ್ನ ಸೆರಗಿನೊಳಗೆ ಹಾಕಿಕೊಂಡ ಮೇಲೆ, ದಡದ ಜನ ದಡದ ಆಸೆ ಬಿಟ್ಟು ನೀರಿನ ಮೇಲೆಯೇ ಊರು ಕಟ್ಟಿಕೊಂಡಿದ್ದರು. ಗದ್ದೆಯಷ್ಟು ಗದ್ದೆಯಷ್ಟು ಅಗಲದ ತೆಪ್ಪಗಳು, ತೆಪ್ಪದಿಂದ ತೆಪ್ಪಕ್ಕೆ ಹಗ್ಗದ ಸೇತುವೆ, ಮೇಲೆ ಮನೆ, ಅಂಗಡಿ, ಶಾಲೆ, ಮಸೀದಿ, ಇಗರ್ಜಿ, ಭೂತದ ಗುಡಿ. ಅದಕ್ಕೆ ತೇಲುನಾಡು ಎಂದು ಹೆಸರಾಯಿತು. ನಾಡು ಎಂದ ಮೇಲೆ ಅಧ್ಯಕ್ಷರು ಬೇಕು. ಅಧ್ಯಕ್ಷರು ಬೇಕೆಂದರೆ ಚುನಾವಣೆ ಬೇಕು. ಚುನಾವಣೆ ಎಂದ ಮೇಲೆ ಮಾತು ಕೊಡುವವರೂ ಮಾತು ತಪ್ಪುವವರೂ ಇದ್ದೇ ಇರುತ್ತಾರೆ. ಮಾತು ತಪ್ಪುವುದನ್ನು ನೋಡಿ ನೋಡಿ ಬೇಸತ್ತವರು ಸೇರಿ ಕಟ್ಟಿದ್ದೇ ನಾಳೆಮನೆ.

ನಾಳೆಮನೆ ಹೊರಗಿನಿಂದ ಮಂಜುಗಡ್ಡೆಯ ಕಾರ್ಖಾನೆಯಂತೆ ಕಾಣುವ, ಕಿಟಕಿಯಿಲ್ಲದ ಕಟ್ಟಡ. ಒಬ್ಬ ಅಭ್ಯರ್ಥಿಯ ಪ್ರಣಾಳಿಕೆಯನ್ನು ಅದರ ಯಂತ್ರಕ್ಕೆ ಉಣಿಸಿದರೆ, ಆ ಅಭ್ಯರ್ಥಿ ಗೆದ್ದು ಒಂದಷ್ಟು ಕಾಲ ಆಳಿದ ಮೇಲೆ ತೇಲುನಾಡು ಹೇಗಿರುತ್ತದೆಂದು ಅದು ಲೆಕ್ಕ ಹಾಕುತ್ತದೆ. ಮತದಾರ ಒಳಗಿನ ಮಂಚದಲ್ಲಿ ಮಲಗಿ ತಂತಿಯ ಟೋಪಿ ಹಾಕಿಕೊಂಡರೆ, ಅವನ ನೆನಪಿನಿಂದಲೇ ಅನ್ನದ ಪರಿಮಳ, ಉಪ್ಪುಗಾಳಿಯ ಅಂಟು, ಬಾಗಿಲಿನ ಕಿರುಗುಟ್ಟುವಿಕೆ ಎಲ್ಲವನ್ನೂ ಎರವಲು ಪಡೆದು ಆ ನಾಳೆಯನ್ನು ಅವನ ಸುತ್ತ ಎಬ್ಬಿಸಿ ನಿಲ್ಲಿಸುತ್ತದೆ. ಮೊದಮೊದಲು ಪಕ್ಷದವರು ತಮ್ಮ ನಾಳೆಗಳಲ್ಲಿ ನಗುಮುಖದ ಗೊಂಬೆಜನರನ್ನು ತುಂಬಿಸಿಟ್ಟಿದ್ದರು. ಅದು ಮೋಸವೆಂದು ಗಲಾಟೆಯಾಗಿ, ನಾಳೆಯೊಳಗೆ ಸುಳ್ಳುಜನ ಇರಕೂಡದೆಂದು ಕಾನೂನು ಬಂತು. ಆಮೇಲೆ ಅಲ್ಲಿರುವುದು ಹೋಗಿಬಂದವರ ನೆರಳುಗಳು ಮಾತ್ರ. ಒಳಗೆ ಹೋದ ಮತದಾರ ಇದು ನಿಜವಲ್ಲ ಎಂಬುದನ್ನು ಒಂದು ಗಳಿಗೆಯ ಮಟ್ಟಿಗಾದರೂ ಮರೆತನೆಂದರೆ, ಮರೆತಿದ್ದಷ್ಟು ಹೊತ್ತು ಅವನು ಆಡಿದ್ದು, ಮಾಡಿದ್ದು, ನಕ್ಕದ್ದು ಅಲ್ಲಿ ಉಳಿದುಬಿಡುತ್ತದೆ. ಮುಂದೆ ಬಂದವರಿಗೆ ಅವನು ಅಲ್ಲಿಯ ನಿವಾಸಿಯಂತೆ ಕಾಣುತ್ತಾನೆ. ಮರೆಯದೆ ಎಚ್ಚರವಾಗಿಯೇ ಇದ್ದು ಹೊರಗೆ ಬಂದರೆ ನೆರಳು ಬೀಳುವುದಿಲ್ಲ.

ಇನ್ನೊಂದು ಕಟ್ಟಳೆಯೂ ಇತ್ತು. ಒಬ್ಬರಿಗೆ ಒಂದೇ ನಾಳೆ. ಒಂದರೊಳಗೆ ಕಾಲಿಟ್ಟರೆ ಆ ಚುನಾವಣೆ ಮುಗಿಯುವ ತನಕ ಬೇಕಾದಷ್ಟು ಸಲ ಅಲ್ಲಿಗೇ ಹೋಗಬಹುದು, ಬೇರೆಯದಕ್ಕೆ ಹೋಗುವಂತಿಲ್ಲ.

ಹೀಗಾಗಿ ಲಂಗರು ಪಕ್ಷದ ನಾಳೆ ಮೀನುಮಾರುಕಟ್ಟೆಯಂತೆ ಗಿಜಿಗುಟ್ಟುತ್ತಿತ್ತು. ತೆಪ್ಪಗಳನ್ನೆಲ್ಲ ಸರಪಳಿಯಿಂದ ಕಡಲತಳಕ್ಕೆ ಬಿಗಿದು ಇದ್ದಲ್ಲೇ ಇರೋಣ ಎನ್ನುವವರು ಅವರು. ಗಾಳಿ ಬಂದತ್ತ ಊರನ್ನೇ ಹೊರಡಿಸೋಣ ಎನ್ನುವ ಹಾಯಿ ಪಕ್ಷದ ನಾಳೆಯಲ್ಲೂ ಕಾಲಿಡಲು ಜಾಗವಿರಲಿಲ್ಲ. ಉಳಿದ ಮೂರು ಸಣ್ಣ ಪಕ್ಷಗಳ ನಾಳೆಗಳಿಗೆ ಯಾರೂ ಹೋಗುತ್ತಿರಲಿಲ್ಲ. ಯಾಕೆ ಹೋಗುವುದಿಲ್ಲವೆಂದರೆ ಅಲ್ಲಿ ಯಾರೂ ಇಲ್ಲ. ಯಾಕೆ ಯಾರೂ ಇಲ್ಲವೆಂದರೆ ಯಾರೂ ಹೋಗುವುದಿಲ್ಲ.

ಆ ಮೂರು ಖಾಲಿ ನಾಳೆಗಳ ಕಾವಲುಗಾರ್ತಿ ವಾರಿಜ ಕುಂದರ್.

ದಿನಾ ಬೆಳಿಗ್ಗೆ ಬಂದು ಟೋಪಿ ಹಾಕಿಕೊಂಡು ಮೂರನ್ನೂ ಸುತ್ತಿ, ಗೋಡೆಯಲ್ಲಿ ಬಿರುಕು ಬಿಟ್ಟಿದೆಯೇ, ಸೂರ್ಯ ಸರಿಯಾದ ದಿಕ್ಕಿನಿಂದ ಹುಟ್ಟುತ್ತಿದ್ದಾನೆಯೇ ಎಂದು ನೋಡಿ ಬರುವುದು ಅವಳ ಕೆಲಸ. ಕಾವಲಿನವರು ಪಕ್ಷಪಾತ ಮಾಡಬಾರದೆಂದು ಅವರ ಟೋಪಿಗೆ ನೆರಳು ಹಿಡಿಯುವ ತಂತಿಯನ್ನೇ ಜೋಡಿಸಿರಲಿಲ್ಲ. ಎಲ್ಲ ನಾಳೆಗಳಿಗೂ ಹೋಗಬಲ್ಲವಳು ವಾರಿಜ. ಆದರೆ ಯಾವ ನಾಳೆಯಲ್ಲೂ ಇಲ್ಲದವಳು.

"ನಮ್ಮ ಸಾಲಿನವರೆಲ್ಲ ಲಂಗರಿನಲ್ಲಿ ಇದ್ದಾರೆ ಮಾರಾಯ್ತಿ," ಎಂದು ಅಕ್ಕ ಶಶಿಕಲಾ ಸಂಜೆ ವಾರಿಜಳ ಮನೆಯ ಹೊಸ್ತಿಲಲ್ಲಿ ಕೂತು ಹೇಳುತ್ತಿದ್ದಳು. "ನಾನು, ಭಾವ, ಆಚೆಮನೆ ಕಮಲಕ್ಕ, ಎಲ್ಲ. ಸಂಜೆ ಆದ್ರೆ ಅಲ್ಲಿಯೂ ಹೀಗೇ ಕೂತು ಮಾತಾಡುದು. ನಿನ್ನ ಮನೆ ಮಾತ್ರ ಬಾಗಿಲು ಹಾಕಿಕೊಂಡು ಉಂಟು. ನೋಡುವಾಗ ಒಂಥರಾ ಆಗ್ತದೆ ನಂಗೆ."

"ಇಲ್ಲಿ ತೆಗೆದೇ ಉಂಟಲ್ಲ ಬಾಗಿಲು. ನೀನು ಇಲ್ಲಿಗೇ ಬಾ."

"ಬಂದಿದ್ದೇನಲ್ಲ ಈಗ."

"ಎದ್ದು ಹೋಗ್ಲಿಕ್ಕೆ ಒಂದು ಕಾಲು ಹೊರಗೇ ಇಟ್ಟುಕೊಂಡು ಕೂತಿದ್ದಿ."

ಶಶಿಕಲಾ ನಕ್ಕು ಎದ್ದು ಹೋದಳು. ನಾಳೆಮನೆಯ ಸಂಜೆಯ ಸರದಿಗೆ ಹೊತ್ತಾಗಿತ್ತು. ಅವಳು ಹೋದ ಮೇಲೆ ವಾರಿಜ ಒಲೆಯ ಪಕ್ಕದಲ್ಲಿ ನಿಂತೇ ಪಾತ್ರೆಯಿಂದಲೇ ಉಂಡಳು. ಅಮ್ಮ ಹೋದ ಮೇಲೆ ಹಾಗೇ ರೂಢಿಯಾಗಿತ್ತು. ಒಬ್ಬಳಿಗೋಸ್ಕರ ಬಟ್ಟಲು ಯಾಕೆ ತೊಳೆಯಬೇಕು?

ಸಣ್ಣ ಪಕ್ಷಗಳ ಅಭ್ಯರ್ಥಿಗಳು ಮೂವರೂ ಬೆಳಿಗ್ಗೆ ನಾಳೆಮನೆಯ ಹೊರಗಿನ ಬೆಂಚಿಗೆ ತಪ್ಪದೆ ಬಂದು ಕೂರುತ್ತಿದ್ದರು. ಬೆಂಚು ಒಂದೇ ಇದ್ದುದರಿಂದ, ಪರಸ್ಪರ ಕಂಡರಾಗದಿದ್ದರೂ ಒಟ್ಟಿಗೇ ಕೂರಬೇಕಾಗಿತ್ತು. ಒಂದು ತುದಿಗೆ ಗಿರಿಜಾ ಪುತ್ರನ್, ನಿವೃತ್ತ ಶಾಲಾ ಶಿಕ್ಷಕಿ, 'ಒಂದೇ ಒಲೆ' ಪಕ್ಷ. ಮನೆಮನೆಗೆ ಅಡುಗೆ ಬೇಡ, ತೆಪ್ಪಕ್ಕೊಂದೇ ಒಲೆ ಇರಲಿ, ಎಲ್ಲರದ್ದೂ ಎಲ್ಲರಿಗೂ ಎನ್ನುವವರು. ಇನ್ನೊಂದು ತುದಿಗೆ ಹಗ್ಗದ ವ್ಯಾಪಾರಿ ಇಸ್ಮಾಯಿಲ್ ಬ್ಯಾರಿ, 'ಬಿಡಿಹಗ್ಗ' ಪಕ್ಷ. ಯಾರಿಗೆ ಬೇಕೋ ಅವರು ತಮ್ಮ ತೆಪ್ಪದ ಹಗ್ಗ ಬಿಚ್ಚಿಕೊಂಡು ಬೇಕಾದಲ್ಲಿಗೆ ಹೋಗಲಿ, ಯಾರೂ ಯಾರನ್ನೂ ಆಳುವುದು ಬೇಡ ಎನ್ನುವವರು. ನಡುವೆ ಲ್ಯಾನ್ಸಿ ಡಿಮೆಲ್ಲೊ, ಕಡಲಜೀವಿಗಳ ಬಗ್ಗೆ ಓದಿದ ಮನುಷ್ಯ, 'ಕಡಲಪಾಲು' ಪಕ್ಷ. ವರ್ಷದಲ್ಲಿ ನಾಲ್ಕು ತಿಂಗಳು ಎಂಜಿನ್ನು, ದೀಪ, ಬಲೆ ಎಲ್ಲ ನಿಲ್ಲಿಸಿ ನೀರನ್ನು ನೀರಿನವರಿಗೇ ಬಿಟ್ಟುಕೊಡಬೇಕೆನ್ನುವವರು. ಅವರು ನಕ್ಕದ್ದನ್ನು ಕಂಡವರಿರಲಿಲ್ಲ.

"ಎಂತ ವಾರಿಜ, ಇವತ್ತಾದರೂ ಯಾರಾದರೂ ಬಂದ್ರಾ?" ಗಿರಿಜಾ ಟೀಚರ್ ಕೇಳಿದರು.

"ಒಬ್ಬರು ಬಂದಿದ್ರು ಟೀಚರ್. ಶೌಚಾಲಯ ಎಲ್ಲಿ ಅಂತ ಕೇಳಿ ಹೋದ್ರು."

"ಅವ ನನ್ನ ಪಕ್ಷದವ ಇರಬೇಕು," ಎಂದರು ಇಸ್ಮಾಯಿಲ್. "ತನಗೆ ಎಲ್ಲಿಗೆ ಹೋಗ್ಬೇಕು ಅಂತ ಅವನಿಗೆ ಸರಿಯಾಗಿ ಗೊತ್ತುಂಟು."

"ನಿಮ್ಮದೊಂದು ಪಕ್ಷವಾ ಬ್ಯಾರಿಗಳೇ. ಹಗ್ಗ ಬಿಚ್ಚಿದ್ರೆ ಮನುಷ್ಯ ಎಲ್ಲಿಗೆ ಹೋಗುದು? ಹಸಿವಾದ್ರೆ ವಾಪಸ್ ನನ್ನ ಒಲೆ ಹತ್ರವೇ ಬರಬೇಕು."

"ಬರ್ತಾನೆ, ಬರ್ಲಿ. ಆದ್ರೆ ಬರಲೇಬೇಕು ಅಂತ ನೀವು ಗಂಟೆ ಹೊಡೀಬೇಡಿ. ನಾನು ಗೆದ್ದ ದಿನ ಮೊದಲನೇ ಆಜ್ಞೆ, ಅಧ್ಯಕ್ಷರ ಕುರ್ಚಿ ಒಡೆದು ಸೌದೆ ಮಾಡುದು. ಆ ಸೌದೆ ನಿಮಗೇ ಕೊಡ್ತೇನೆ ಟೀಚರ್."

"ನೀವಿಬ್ಬರೂ ಮನುಷ್ಯರದ್ದೇ ಹೇಳುದು," ಎಂದರು ಲ್ಯಾನ್ಸಿ ಮೆಲ್ಲಗೆ. "ಕೆಳಗೆ ಇರುವವರನ್ನು ಯಾರೂ ಕೇಳ್ಲಿಲ್ಲ."

"ಕೆಳಗೆ ಯಾರು, ಬಂಗುಡೆ ಮೀನಾ? ಅದಕ್ಕೆ ಮತ ಇದ್ದಿದ್ರೆ ನೀವು ಯಾವಾಗ್ಲೋ ಅಧ್ಯಕ್ಷರು ಲ್ಯಾನ್ಸಿ ಪೊರ್ಬುಗಳೇ," ಎಂದರು ಇಸ್ಮಾಯಿಲ್.

ವಾರಿಜ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಇಡೀ ದಿನದಲ್ಲಿ ಅವಳ ಕಿವಿಗೆ ಬೀಳುವ ಮಾತೆಂದರೆ ಇದೇ. ಆದರೆ ಅಂದು ಚುನಾವಣಾ ಮಂಡಳಿಯಿಂದ ಬಂದ ಸುದ್ದಿಯನ್ನು ಹೇಳಬೇಕಾದವಳೂ ಅವಳೇ. ಮತದಾನಕ್ಕೆ ಒಂದು ವಾರ ಉಳಿಯುವಷ್ಟರಲ್ಲಿ ಒಂದು ನೆರಳೂ ಬೀಳದ ನಾಳೆಯನ್ನು ಒರೆಸಿಹಾಕುತ್ತಾರೆ. ಆ ಅಭ್ಯರ್ಥಿಯ ಹೆಸರು ಮತಯಂತ್ರದಲ್ಲಿ ಇರುವುದಿಲ್ಲ.



"ನನ್ನ ನಾಳೆಗೆ ಬಾ ಅಂತ ಮಗನಿಗೇ ಹೇಳಿದ್ದೆ," ಎಂದರು ಗಿರಿಜಾ ಟೀಚರ್. "ಅವನ ಹೆಂಡತಿ ಕಡೆಯವರೆಲ್ಲ ಲಂಗರಿನಲ್ಲಿ ಇದ್ದಾರಂತೆ. ಅಲ್ಲಿ ಬಿಟ್ಟು ಇಲ್ಲಿ ಬಂದು ಒಬ್ಬನೇ ಎಂತ ಮಾಡುದು ಅಮ್ಮ ಅಂತ ಕೇಳಿದ."

ಒರೆಸಿಹಾಕುವುದು ಎಂಬ ಮಾತು ವಾರಿಜಳ ಎದೆಯಲ್ಲಿ ಮುಳ್ಳಿನಂತೆ ಉಳಿಯಿತು. ಅವಳಿಗೆ ಟೀಚರರ ನಾಳೆ ಎಂದರೆ ಒಂದು ಗುಟ್ಟಿನ ಪ್ರೀತಿ. ಅಲ್ಲೊಂದು ಉದ್ದದ ಅಡುಗೆಚಾವಡಿ, ಕಣ್ಣು ಹಾಯುವಷ್ಟು ದೂರಕ್ಕೂ ಸಾಲು ಮಣೆ, ಮಣೆಯ ಮುಂದೆ ಬಟ್ಟಲು, ಒಲೆಯ ಮೇಲೆ ಯಾವಾಗಲೂ ಹಬೆಯಾಡುವ ಗಂಜಿಯ ಹಂಡೆ. ಒಂದು ನರಪಿಳ್ಳೆಯೂ ಇಲ್ಲ. ಬೇರೆ ಕೆಲಸ ಮುಗಿಸಿ ಅವಳು ದಿನಾ ಅಲ್ಲಿ ಒಂದು ಮಣೆಯ ಮೇಲೆ ಸುಮ್ಮನೆ ಕೂತು ಬರುತ್ತಿದ್ದಳು. ಅವಳ ಮನೆಯೂ ಖಾಲಿಯೇ. ಆದರೆ ಆ ಖಾಲಿ ಯಾರನ್ನೂ ಕಾಯುತ್ತಿರಲಿಲ್ಲ. ಚಾವಡಿಯ ಖಾಲಿ ಕಾಯುತ್ತಿತ್ತು. ಅದು ಹೋದರೆ ತನ್ನನ್ನು ಕಾಯುವ ಜಾಗವೇ ಜಗತ್ತಿನಲ್ಲಿ ಇರುವುದಿಲ್ಲ ಎನ್ನಿಸಿತು ಅವಳಿಗೆ.

ಮರುದಿನ ಅವಳು ಬೆಂಚಿನ ಮುಂದೆ ನಿಂತು ಕೇಳಿದಳು.

"ನೀವು ಮೂವರೂ ಮತದಾರರೇ ಅಲ್ವಾ? ಅಭ್ಯರ್ಥಿ ತನ್ನ ನಾಳೆಗೆ ಹೋಗಬಾರದು ಅಂತ ಮಾತ್ರ ಕಾನೂನು. ಬೇರೆಯವರ ನಾಳೆಗೆ ಹೋಗಬಾರದು ಅಂತ ಇಲ್ಲ. ಟೀಚರ್ ಬ್ಯಾರಿಗಳ ನಾಳೆಗೆ, ಬ್ಯಾರಿಗಳು ಲ್ಯಾನ್ಸಿಯವರದ್ದಕ್ಕೆ, ಲ್ಯಾನ್ಸಿಯವರು ಟೀಚರದ್ದಕ್ಕೆ."

"ಇವರ ಹಗ್ಗ ಬಿಚ್ಚುವ ನಾಳೆಗೆ ನಾನಾ?" ಎಂದರು ಟೀಚರ್.

"ಕತ್ತಲೆಯಲ್ಲಿ ಬಂಗುಡೆ ಕಾಯ್ಲಿಕ್ಕೆ ನಾನಾ?" ಎಂದರು ಇಸ್ಮಾಯಿಲ್.

ಲ್ಯಾನ್ಸಿ ತಂದಿದ್ದ ಚಹಾವನ್ನು ಮೂರು ಲೋಟಕ್ಕೆ ಹೊಯ್ದು, ಒಂದೊಂದನ್ನು ಇಬ್ಬರ ಕೈಗೂ ಕೊಟ್ಟರು. ಕುಡಿದು ಮುಗಿಯುವ ಹೊತ್ತಿಗೆ ಮೂವರೂ ಎದ್ದರು.

ಒಳಗೆ ಹೋಗುವುದು ಸುಲಭ, ಮೈಮರೆಯುವುದು ಕಷ್ಟ. ಜೀವಮಾನವಿಡೀ ಒಂದು ವಿಚಾರಕ್ಕೆ ಅಂಟಿಕೊಂಡವರಿಗೆ ಇನ್ನೊಬ್ಬರ ನಾಳೆಯಲ್ಲಿ ತಪ್ಪುಗಳೇ ಕಾಣುತ್ತವೆ. ವಾರಿಜ ಕಾವಲುಕೋಣೆಯ ಪರದೆಯಲ್ಲಿ ನೋಡುತ್ತಿದ್ದಳು. ಇಸ್ಮಾಯಿಲ್ ಬ್ಯಾರಿ ಕಡಲಪಾಲಿನ ಕತ್ತಲಲ್ಲಿ ಎಡವುತ್ತ, ದೀಪ ಹಚ್ಚಬಾರದೆಂದು ಹೇಳಲು ಇವರು ಯಾರು ಎಂದು ಗೊಣಗುತ್ತಿದ್ದರು. ಟೀಚರ್ ಬಿಡಿಹಗ್ಗದ ಒಂಟಿ ತೆಪ್ಪದಲ್ಲಿ ಸೊಂಟಕ್ಕೆ ಕೈಕೊಟ್ಟು ನಿಂತು, ಇಲ್ಲಿ ಕಾಯಿಲೆ ಬಿದ್ದರೆ ಯಾರು ನೋಡುತ್ತಾರೆ ಎಂದು ಗಾಳಿಯ ಜೊತೆ ವಾದ ಮಾಡುತ್ತಿದ್ದರು. ಆ ದಿನ ನೆರಳು ಬೀಳಲಿಲ್ಲ. ಮರುದಿನವೂ ಬೀಳಲಿಲ್ಲ.

ಆಮೇಲೊಂದು ದಿನ, ಬೈದು ಬೈದು ಸುಸ್ತಾಗಿ ಇಸ್ಮಾಯಿಲ್ ತೆಪ್ಪದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತರು. ಎಂಜಿನ್ನಿಲ್ಲ, ದೀಪವಿಲ್ಲ. ಕಾಲು ಆಡಿಸಿದರೆ ನೀರೆಲ್ಲ ತಣ್ಣಗಿನ ನೀಲಿ ಕಿಡಿ. ಕೆಳಗೆ ಎಲ್ಲೋ ದೊಡ್ಡದೊಂದು ಜೀವ ಉಸಿರು ಬಿಟ್ಟ ಸದ್ದು. ಅವರು ಬಗ್ಗಿ, ಸಲಾಂ ಹೇಳುವ ದನಿಯಲ್ಲಿ, "ಯಾರು ನೀವು?" ಎಂದು ಕೇಳಿದರು. ನೆರಳು ಬಿತ್ತೆಂದು ಪರದೆಯ ಮೂಲೆಯಲ್ಲಿ ಹಸಿರು ದೀಪ ಹತ್ತಿತು.

ಟೀಚರರದ್ದು ಇನ್ನೂ ವಿಚಿತ್ರ. ಬದುಕಿಡೀ ಇತರರ ಮಕ್ಕಳನ್ನು, ಇತರರ ಹಸಿವನ್ನು ನೋಡಿಕೊಂಡ ಆ ಹೆಂಗಸಿಗೆ ಒಂಟಿ ತೆಪ್ಪದಲ್ಲಿ ಮಾಡಲು ಕೆಲಸವೇ ಇರಲಿಲ್ಲ. ಕರೆಯುವವರಿಲ್ಲ, ಕೇಳುವವರಿಲ್ಲ. ಅವರು ಸೆರಗು ಹೊದ್ದು ಹಾಗೇ ಮಲಗಿ ಗೊರಕೆ ಹೊಡೆದರು. ನಿದ್ದೆಗಿಂತ ದೊಡ್ಡ ಮರೆವುಂಟೇ? ಹಸಿರು ದೀಪ ಹತ್ತಿತು. ಹೊರಗೆ ಬಂದು, "ಯಾರಿಗೂ ಹೇಳ್ಬೇಡ ವಾರಿಜ, ಅಂಥಾ ನಿದ್ದೆ ನಂಗೆ ಮದುವೆಯಾದ ಮೇಲೆ ಬಂದಿರ್ಲಿಲ್ಲ," ಎಂದರು.

ಉಳಿದದ್ದು ಟೀಚರರ ನಾಳೆ. ಅಲ್ಲಿ ಲ್ಯಾನ್ಸಿ ಮಣೆಯ ಮೇಲೆ ನೆಟ್ಟಗೆ ಕೂತಿದ್ದರು. ಮುಂದೆ ಹಂಡೆ, ಕೈಯಲ್ಲಿ ಸೌಟು, ಬಟ್ಟಲು ಖಾಲಿ. ಟೀಚರರ ಪ್ರಣಾಳಿಕೆಯ ಮೊದಲ ಸಾಲೇ ಅದು. ಒಂದೇ ಒಲೆಯ ಚಾವಡಿಯಲ್ಲಿ ಯಾರೂ ತಮಗೆ ತಾವೇ ಬಡಿಸಿಕೊಳ್ಳುವಂತಿಲ್ಲ, ಪಕ್ಕದವರಿಗೆ ಬಡಿಸಬೇಕು. ಪ್ರಣಾಳಿಕೆಯಲ್ಲಿ ಬರೆದದ್ದು ನಾಳೆಯೊಳಗೆ ಗುರುತ್ವಾಕರ್ಷಣೆಯಷ್ಟೇ ಖಾತ್ರಿ. ಸೌಟನ್ನು ತಮ್ಮ ಬಟ್ಟಲಿನತ್ತ ತಿರುಗಿಸಿದರೆ ಕೈ ಕಬ್ಬಿಣವಾಗುತ್ತಿತ್ತು. ಪಕ್ಕದಲ್ಲಿ ಯಾರೂ ಇರಲಿಲ್ಲ. ಹಗ್ಗ ಬಿಚ್ಚಿಕೊಂಡು ಒಬ್ಬರೇ ಮಲಗಬಹುದು, ಕತ್ತಲೆಯಲ್ಲಿ ಒಬ್ಬರೇ ಕೂರಬಹುದು. ಒಂದೇ ಒಲೆಯ ಮುಂದೆ ಒಬ್ಬರೇ ಉಣ್ಣಲಾಗುವುದಿಲ್ಲ.

"ತಪ್ಪು ನನ್ನದೇ," ಎಂದರು ಟೀಚರ್, ಪರದೆ ನೋಡುತ್ತ. "ಬರೆಯುವಾಗ ಚಾವಡಿ ತುಂಬ ಜನ ಇದ್ದಾರೆ ಅಂತಲೇ ಬರೆದೆ. ಒಬ್ಬನೇ ಬಂದ್ರೆ ಅಂತ ಯೋಚನೆಯೇ ಮಾಡ್ಲಿಲ್ಲ."

ಕೊನೆಯ ದಿನ ಬಂತು. ಮಧ್ಯಾಹ್ನದೊಳಗೆ ನೆರಳು ಬೀಳದಿದ್ದರೆ ಚಾವಡಿ ಹೋಗುತ್ತದೆ. ಲ್ಯಾನ್ಸಿ ಎಂದಿನಂತೆ ಒಳಗೆ ಹೋಗಿ ಎಂದಿನಂತೆ ಕೂತರು. ಅಷ್ಟು ದಿನವೂ ಆ ಚಾವಡಿಯಲ್ಲಿ ಕೂತು ತಾನೂ ಒಂದು ಅಗುಳು ಉಂಡಿಲ್ಲವೆಂಬುದು ವಾರಿಜಳಿಗೆ ಆಗ ಹೊಳೆಯಿತು. ಮತದಾರನಿರುವಾಗ ಕಾವಲಿನವರು ಒಳಗೆ ಹೋಗಬಾರದೆಂದು ನಿಯಮದಲ್ಲಿ ಇರಲಿಲ್ಲ. ಹೋಗಬಹುದೆಂದೂ ಇರಲಿಲ್ಲ. ಆ ಬಗ್ಗೆ ಯಾರೂ ಯೋಚಿಸಿರಲೇ ಇಲ್ಲ. ಅವಳು ಟೋಪಿ ಹಾಕಿಕೊಂಡಳು.

ಲ್ಯಾನ್ಸಿಯ ಪಕ್ಕದ ಮಣೆಯಲ್ಲಿ ಹೋಗಿ ಕೂತಾಗ ಅವರು ಬೆಚ್ಚಿದರು.

"ನೀವು ಬರಬಹುದಾ ವಾರಿಜ ಬಾಯಿ?"

"ಬಂದೆನಲ್ಲ. ಬಡಿಸಿ."

ಅವರು ಒಂದಷ್ಟು ಹೊತ್ತು ಹಂಡೆಯನ್ನೇ ನೋಡಿದರು. "ಇಷ್ಟು ದೊಡ್ಡ ಒಲೆಗೆ ದಿನಾ ಎಷ್ಟು ಪಾಚಿ ಒಣಗಿಸಿ ಉರಿಸ್ಬೇಕು, ಟೀಚರ್ ಲೆಕ್ಕ ಹಾಕಿದ್ದಾರಾ? ಆ ಪಾಚಿಯಲ್ಲಿ ಮರಿ ಇಡುವ ಮೀನುಗಳು..."

"ಗಂಜಿ ಆರ್ತದೆ ಲ್ಯಾನ್ಸಿಯವರೇ."

ಅವರು ಸೌಟು ಅದ್ದಿದರು. ಪ್ರಯೋಗಶಾಲೆಯಲ್ಲಿ ನೀರಿನ ಮಾದರಿ ತೆಗೆಯುವ ಹಾಗೆ ಮೇಲಿನ ತಿಳಿಯನ್ನಷ್ಟೇ ಎತ್ತಿ, ಅಲುಗದಂತೆ ತಂದು, ಅವಳ ಬಟ್ಟಲಿಗೆ ಬಾಗಿಸಿದರು. ವಾರಿಜ ಬಟ್ಟಲನ್ನು ನೋಡಿದಳು. ಇನ್ನೊಬ್ಬರ ಕೈಯಿಂದ ತನ್ನ ಬಟ್ಟಲಿಗೆ ಏನಾದರೂ ಬಿದ್ದು ಎಷ್ಟು ಕಾಲವಾಯಿತೆಂದು ಅವಳಿಗೆ ನೆನಪಾಗಲಿಲ್ಲ. ಅಳುವುದಕ್ಕೆ ಇದು ಹೊತ್ತಲ್ಲ ಎಂದುಕೊಂಡು, ಬಾಯಿಗೆ ಬಂದದ್ದನ್ನು ಹೇಳಿದಳು.

"ಬರೀ ನೀರು ಉಂಟಲ್ಲ. ಅಗುಳಿಗೂ ನಾಲ್ಕು ತಿಂಗಳು ರಜೆಯಾ ನಿಮ್ಮ ಪಕ್ಷದಲ್ಲಿ?"

ಲ್ಯಾನ್ಸಿ ಅವಳನ್ನು ನೋಡಿದರು. ತುಟಿಯ ಮೂಲೆ ಒಂದು ಸಲ ನಡುಗಿತು. ಆಮೇಲೆ ಆ ಮನುಷ್ಯ ನಕ್ಕರು. ಬಳಸದೆ ಇಟ್ಟಿದ್ದ ನಗೆಯೆಲ್ಲ ಒಟ್ಟಿಗೇ ಬಂದಂತೆ, ಸೌಟಿನಿಂದ ಗಂಜಿ ಚೆಲ್ಲಿ ಧೋತಿ ಒದ್ದೆಯಾಗುವಂತೆ ನಕ್ಕರು. ಕಣ್ಣೊರೆಸಿಕೊಂಡು, ಹಂಡೆಯ ತಳ ಕಲಕಿ ತುಂಬ ಅಗುಳೆತ್ತಿ ಅವಳಿಗೆ ಬಡಿಸಿ, "ಸಾಕಾ? ಇನ್ನೊಂದು ಸೌಟು?" ಎಂದರು. ಅವಳು ಅವರಿಗೆ ಬಡಿಸಿದಳು. ಇಬ್ಬರೂ ಉಂಡರು. ಕಡಲಜೀವಿಗಳ ವಿಷಯ ಆಮೇಲೂ ಮಾತಿಗೆ ಬಂತು. ಆದರೆ ಆಗ ಅದು ಊಟದ ಮಾತಾಗಿತ್ತು. ಹೊರಗೆ ಕಾವಲುಕೋಣೆಯಲ್ಲಿ ಹಸಿರು ದೀಪ ಹತ್ತಿದ್ದನ್ನು ಕಂಡು ಟೀಚರ್ ಇಸ್ಮಾಯಿಲ್ ಬ್ಯಾರಿಯ ಕೈ ಹಿಡಿದುಕೊಂಡಿದ್ದರೆಂದು ಆಮೇಲೆ ತಿಳಿಯಿತು. ಇಬ್ಬರೂ ಅದನ್ನು ಒಪ್ಪಲಿಲ್ಲ.

ಮೂರೂ ಹೆಸರುಗಳು ಮತಯಂತ್ರದಲ್ಲಿ ಉಳಿದವು. ಗೆದ್ದದ್ದು ಲಂಗರು ಪಕ್ಷವೇ. ಅದು ಯಾರಿಗೂ ಆಶ್ಚರ್ಯವಲ್ಲ. ಆದರೆ ಮತದಾನದ ಹಿಂದಿನ ದಿನಗಳಲ್ಲಿ ಸಣ್ಣದೊಂದು ಸುದ್ದಿ ತೆಪ್ಪದಿಂದ ತೆಪ್ಪಕ್ಕೆ ಹಬ್ಬಿತ್ತು. ಒಂದೇ ಒಲೆಯ ನಾಳೆಯಲ್ಲಿ ಒಬ್ಬ ಮನುಷ್ಯ ಇದ್ದಾನಂತೆ, ಪಕ್ಕದಲ್ಲಿ ಯಾರೂ ಇಲ್ಲದಿದ್ದರೂ ಇದ್ದಾರೆಂಬಂತೆ ಬಡಿಸುತ್ತಾನಂತೆ, ಒಬ್ಬನೇ ನಗುತ್ತಾನಂತೆ.

"ಹುಚ್ಚನಾ ಅವ?" ಎಂದು ಶಶಿಕಲಾ ಕೇಳಿದಳು, ಅದೇ ಹೊಸ್ತಿಲಲ್ಲಿ ಕೂತು. "ಗಾಳಿಗೆ ಗಂಜಿ ಬಡಿಸ್ತಾನಂತೆ. ಅವನ ಪಕ್ಕ ಕೂತವರು ಯಾರೂ ಇಲ್ವಂತೆ."

"ಇಲ್ವಂತೆ," ಎಂದಳು ವಾರಿಜ.

"ನೀನು ದಿನಾ ಹೋಗ್ತಿಯಲ್ಲ. ನೋಡ್ಲಿಲ್ವಾ?"

ವಾರಿಜ ಅಕ್ಕನ ಮುಖವನ್ನು ನೋಡಿದಳು. ಹೇಳಿದರೆ ನಂಬುವಳು, ಅಷ್ಟೇ ಅಲ್ಲ, ಊರಿಗೆಲ್ಲ ಹೇಳುವಳು. ನೆರಳು ಬೀಳಲು ಕಾವಲಿನವಳು ನೆರವಾದಳೆಂದು ಮಂಡಳಿಗೆ ಗೊತ್ತಾದರೆ ಚಾವಡಿಯನ್ನು ಒರೆಸಿಹಾಕಲು ಅದೊಂದೇ ನೆಪ ಸಾಕು. "ನೋಡಿದೆ," ಎಂದಳು. "ಹುಚ್ಚನ ಹಾಗೆ ಕಾಣ್ಲಿಲ್ಲ ನಂಗೆ."

ಮತದಾನಕ್ಕೆಂದು ನಾಳೆಗಳನ್ನು ಮುಚ್ಚುವ ಮುಂಚಿನ ಸಂಜೆ ಅವಳು ಕೊನೆಯ ಸುತ್ತಿಗೆ ಹೋದಳು. ಚಾವಡಿಯಲ್ಲಿ ಈಗ ಅಲ್ಲೊಂದು ಇಲ್ಲೊಂದು ನೆರಳು. ಹುಚ್ಚನನ್ನು ನೋಡಲು ಬಂದು ಉಳಿದವರು, ಯಾವ ನಾಳೆಯನ್ನೂ ಆರಿಸಿಕೊಳ್ಳದೆ ಕಡೆಯ ತನಕ ತಿರುಗಾಡಿದವರು. ಲ್ಯಾನ್ಸಿಯ ಪಕ್ಕದ ಮಣೆಯೂ ಖಾಲಿ ಇರಲಿಲ್ಲ. ಯಾರೋ ಒಬ್ಬ ಮುದುಕಿ, ಬಡಿಸಿದ ಗಂಜಿ ಹಾಳಾಗುವುದನ್ನು ನೋಡಲಾರದೆ ಬಂದು ಕೂತಿದ್ದಿರಬೇಕು. ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು.

ವಾರಿಜ ಬಾಗಿಲ ಬಳಿಯೇ ನಿಂತಳು. ಲ್ಯಾನ್ಸಿಯ ಸೌಟು ಬಾಗಿತು. ಅವರು ತಲೆಯೆತ್ತಿ ಮುದುಕಿಯನ್ನು ನೋಡಿದರು, ತುಟಿಯ ಮೂಲೆ ನಡುಗಿತು, ನಗೆ ಬಂತು. ಮುದುಕಿಗೆ ಅವರು ಯಾಕೆ ನಗುತ್ತಿದ್ದಾರೆಂದು ಗೊತ್ತಿರಲಿಲ್ಲ. ಆದರೂ ಬೊಚ್ಚುಬಾಯಿ ತೆರೆದು ಅವಳೂ ನಕ್ಕಳು. ಆಚೆಯ ಸಾಲಿನವರು ಅವರಿಬ್ಬರನ್ನು ನೋಡಿ ನಗುತ್ತಿದ್ದರು. ಏನು ಮಾತಿಗೆ ಆ ನಗೆ ಹುಟ್ಟಿತೆಂದು ಆ ಇಡೀ ಚಾವಡಿಯಲ್ಲಿ ಒಬ್ಬಳಿಗೆ ಮಾತ್ರ ಗೊತ್ತಿತ್ತು. ಲ್ಯಾನ್ಸಿ ಇನ್ನೊಂದು ಸಲ ಬಡಿಸುವ ತನಕ ಅವಳು ನಿಂತು ನೋಡಿದಳು. ಆಮೇಲೆ ಯಾರ ಊಟಕ್ಕೂ ಅಡ್ಡಿಯಾಗದಂತೆ ಗೋಡೆಯ ಬದಿಯಿಂದ ನಡೆದು ಹೊರಗೆ ಬಂದಳು.